ಕೊಲರಾಡೊ ನದಿಗಾಗಿ ಮೋಡ ಬಿತ್ತನೆ: ಕಾಯ್ದಿಟ್ಟ ಕಾಡಿನ ಮೇಲೂ ಮಾಡಬಹುದಾ?

ಪ್ರಶ್ನೆ: ಅಮೆರಿಕದ ಕೊಲರಾಡೊ ನದಿಯಲ್ಲಿ ನೀರು ಕಡಿಮೆಯಾಗುತ್ತಿದೆ, ಅದಕ್ಕಾಗಿ ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಮೋಡ ಬಿತ್ತನೆ ಮಾಡುತ್ತಾರೆ ಎಂದು ಓದಿದೆ. ಆ ಬೆಟ್ಟಗಳಲ್ಲಿ ಬಹಳಷ್ಟು ಜಾಗವನ್ನು ‘ವೈಲ್ಡರ್‌ನೆಸ್’ ಎಂದು ಕಾನೂನಿನಲ್ಲಿ ಕಾಯ್ದಿಟ್ಟಿದ್ದಾರಂತೆ. ಅಲ್ಲಿ ಸೈಕಲ್ ಓಡಿಸಲೂ ಬಿಡುವುದಿಲ್ಲವಂತೆ. ಹಾಗಿದ್ದ ಮೇಲೆ ಅಲ್ಲಿ ಹಿಮವನ್ನೇ ಜಾಸ್ತಿ ಬೀಳಿಸುವುದು ಹೇಗೆ ಸರಿ? ನಿಜಕ್ಕೂ ಇದರಿಂದ ನೀರು ಸಿಗುತ್ತದಾ? ಬೆಳ್ಳಿಯ ರಾಸಾಯನಿಕದಿಂದ ತೊಂದರೆ ಇಲ್ವಾ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ನೀರು ಸಿಗುತ್ತದೆ, ಆದರೆ ಸ್ವಲ್ಪ. ಕಾನೂನು ನೆಲದ ಮೇಲೆ ಬಿಗಿಯಾಗಿದೆ, ಆಕಾಶದಲ್ಲಿ ಸಡಿಲವಾಗಿದೆ. ಬೆಳ್ಳಿಯ ಬಗ್ಗೆ ಜನರಿಗಿರುವಷ್ಟು ಭಯ ನನಗಿಲ್ಲ. ಆದರೂ ವೈಲ್ಡರ್‌ನೆಸ್ ಮೇಲೆ ಗುರಿಯಿಟ್ಟು ವರ್ಷ ವರ್ಷವೂ ಮೋಡ ಬಿತ್ತುವುದನ್ನು ನಾನು ಒಪ್ಪುವುದಿಲ್ಲ.

ನದಿಯಿಂದಲೇ ಶುರು ಮಾಡೋಣ. ಕೊಲರಾಡೊ ಹಿಮದ ನದಿ. ರಾಕಿ ಪರ್ವತಗಳಲ್ಲಿ ಹುಟ್ಟಿ ಸುಮಾರು 2,330 ಕಿಲೋಮೀಟರ್ ಹರಿಯುತ್ತದೆ. ಅದರ ಜಲಾನಯನ ಪ್ರದೇಶದಲ್ಲಿ ಹೆಚ್ಚಿನದು ಮರುಭೂಮಿ. ಸುಮಾರು 85 ಶೇಕಡಾ ನೀರು ಬರುವುದು ಬರೀ 15 ಶೇಕಡಾ ನೆಲದಿಂದ. ಆ ನೆಲವೇ ವಯೋಮಿಂಗ್, ಕೊಲರಾಡೊ, ಯೂಟಾ ರಾಜ್ಯಗಳ ಎತ್ತರದ ಬೆಟ್ಟಗಳು. ಚಳಿಗಾಲವೆಲ್ಲ ಅಲ್ಲಿ ಹಿಮ ಕೂಡುತ್ತದೆ. ವಸಂತ ಬಂದ ಮೇಲೆ ಕರಗಿ ಕೆಳಗಿಳಿಯುತ್ತದೆ. ಆ ನೀರನ್ನೇ ನಂಬಿಕೊಂಡು ಸುಮಾರು 4 ಕೋಟಿ ಜನ ಬದುಕುತ್ತಿದ್ದಾರೆ. ಲಾಸ್ ವೇಗಸ್, ಫೀನಿಕ್ಸ್, ಲಾಸ್ ಏಂಜಲೀಸ್, ಡೆನ್ವರ್ ಎಲ್ಲವೂ ಈ ನದಿಯ ನೀರು ಕುಡಿಯುವ ಊರುಗಳೇ.

ಈ ನದಿಯ ಲೆಕ್ಕ ಹುಟ್ಟಿನಿಂದಲೇ ತಪ್ಪಿದೆ. 1922ರಲ್ಲಿ ಏಳು ರಾಜ್ಯಗಳು ನೀರು ಹಂಚಿಕೊಂಡವು. ಮೇಲಿನ ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನ ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ. 1944ರಲ್ಲಿ ಮೆಕ್ಸಿಕೊಗೆ ಇನ್ನೂ 15 ಲಕ್ಷ ಕೊಡುವುದಾಗಿ ಒಪ್ಪಂದವಾಯಿತು. ಒಂದು ಎಕರೆ ಜಾಗದಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ ಅದು ಒಂದು ಎಕರೆ-ಅಡಿ, ಅಂದರೆ ಸುಮಾರು 12.3 ಲಕ್ಷ ಲೀಟರ್. ಒಟ್ಟು 1.65 ಕೋಟಿ ಎಕರೆ-ಅಡಿಯ ಮಾತು ಕೊಟ್ಟಾಯಿತು. ಆ ಹಂಚಿಕೆ ನಡೆದದ್ದು ಚೆನ್ನಾಗಿ ಮಳೆ ಹಿಮ ಬಿದ್ದ ವರ್ಷಗಳ ಅಳತೆ ಹಿಡಿದು. 2000ದಿಂದ ಈಚೆಗೆ ನದಿಯಲ್ಲಿ ವರ್ಷಕ್ಕೆ ಸರಾಸರಿ ಬರುತ್ತಿರುವುದು 1.2 ಕೋಟಿ ಚಿಲ್ಲರೆ ಮಾತ್ರ. ಕಾಗದಕ್ಕೂ ನದಿಗೂ ಸುಮಾರು 40 ಲಕ್ಷ ಎಕರೆ-ಅಡಿ ವ್ಯತ್ಯಾಸ.

2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಸರ್ಕಾರ ಅಧಿಕೃತವಾಗಿ ಕೊರತೆ ಘೋಷಿಸಿತು. ಮರುವರ್ಷ ಹೂವರ್ ಅಣೆಕಟ್ಟಿನ ಹಿಂದಿನ ಲೇಕ್ ಮೀಡ್, 1930ರ ದಶಕದಲ್ಲಿ ತುಂಬಿದ ಮೇಲೆ ಯಾವತ್ತೂ ಇಳಿಯದಷ್ಟು ಕೆಳಗೆ ಇಳಿಯಿತು. ಮುಳುಗಿದ್ದ ದೋಣಿಗಳು ಮೇಲೆ ಕಂಡವು. ಇಂಥ ಹೊತ್ತಿನಲ್ಲಿ ‘ಮೋಡದಿಂದ ಇನ್ನೊಂದಿಷ್ಟು ನೀರು ಇಳಿಸಬಹುದು’ ಎಂದು ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗದೆ ಇರುತ್ತದಾ? ಆ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ.

ಈಗ ಬಿತ್ತನೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಚಳಿಗಾಲದಲ್ಲಿ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಮೋಡವಾಗುತ್ತದೆ. ಆ ಮೋಡದ ಹನಿಗಳು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಹೋದರೂ ಹೆಪ್ಪುಗಟ್ಟದೆ ದ್ರವವಾಗಿಯೇ ತೇಲುತ್ತವೆ. ಹೆಪ್ಪುಗಟ್ಟಲು ಹನಿಗೆ ಒಂದು ಆಸರೆಯ ಕಣ ಬೇಕು. ನೀವು ಕೇಳಿದ ಬೆಳ್ಳಿಯ ರಾಸಾಯನಿಕವೇ ಸಿಲ್ವರ್ ಅಯೋಡೈಡ್, ಅದರ ಹರಳಿನ ರಚನೆ ಮಂಜುಗಡ್ಡೆಯ ಹರಳಿಗೆ ಬಹಳ ಹತ್ತಿರ. ಮೈನಸ್ 6 ಡಿಗ್ರಿಯ ಆಸುಪಾಸಿನಿಂದ ಕೆಳಗೆ, ಅದರ ಕಣ ಸಿಕ್ಕರೆ ಹನಿ ‘ಇದು ಮಂಜೇ’ ಎಂದು ಮೋಸಹೋಗಿ ಹೆಪ್ಪುಗಟ್ಟುತ್ತದೆ. ಹಾಗೆ ಹುಟ್ಟಿದ ಹರಳು ಸುತ್ತಲಿನ ನೀರಾವಿ ಹೀರಿ ಬೆಳೆದು, ಭಾರವಾಗಿ, ಹಿಮವಾಗಿ ಬೀಳುತ್ತದೆ. 1946ರಲ್ಲಿ ಒಂದೇ ಪ್ರಯೋಗಾಲಯದ ಇಬ್ಬರು ಇದಕ್ಕೆ ದಾರಿ ಮಾಡಿದರು. ವಿನ್ಸೆಂಟ್ ಶೇಫರ್ ಇಂಗಾಲದ ಡೈಆಕ್ಸೈಡನ್ನು ಗಟ್ಟಿಯಾಗಿಸಿದ ಡ್ರೈ ಐಸ್‌ನಿಂದ ಮೋಡವನ್ನು ಹಿಮವಾಗಿಸಿದರು. ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು.

ಒಂದು ಮಾತು ನೆನಪಿಡಿ. ಬಿತ್ತನೆ ಮೋಡ ಹುಟ್ಟಿಸುವುದಿಲ್ಲ. ಬರಗಾಲದಲ್ಲಿ ಮೋಡವೇ ಬರದಿದ್ದರೆ ಬಿತ್ತುವುದಕ್ಕೆ ಏನೂ ಇರುವುದಿಲ್ಲ. ನೀರು ತೀರಾ ಬೇಕಾದ ವರ್ಷದಲ್ಲೇ ಇದು ಕಡಿಮೆ ಉಪಯೋಗಕ್ಕೆ ಬರುತ್ತದೆ.

ಬೆಟ್ಟದ ಬುಡದಲ್ಲಿ ಇದರ ಯಂತ್ರ ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು, ಅಷ್ಟು ಸಾದಾ. ಒಂದು ಪ್ರೊಪೇನ್ ಸಿಲಿಂಡರ್. ಸಿಲ್ವರ್ ಅಯೋಡೈಡ್ ಕರಗಿಸಿದ ಅಸಿಟೋನ್ ದ್ರಾವಣದ ತೊಟ್ಟಿ. ಒಂದು ಕಂಬ, ಅದರ ತುದಿಯಲ್ಲಿ ಉರಿಯುವ ಬರ್ನರ್. ಪಕ್ಕದಲ್ಲಿ ಸೋಲಾರ್ ಪ್ಯಾನೆಲ್. ಸರಿಯಾದ ಮೋಡ ಬಂದಾಗ ದೂರದಿಂದಲೇ ಹೊತ್ತಿಸುತ್ತಾರೆ. ಗಂಟೆಗೆ ಕೆಲವೇ ಗ್ರಾಂ ರಾಸಾಯನಿಕ ಹೊಗೆಯಾಗಿ ಏರುತ್ತದೆ, ಉಳಿದದ್ದೆಲ್ಲ ಗಾಳಿಯ ಕೆಲಸ. ವಿಮಾನದಿಂದ ಮಾಡುವುದೂ ಉಂಟು. ಆಗ ರೆಕ್ಕೆಗೆ ಕಟ್ಟಿದ, ರಾಸಾಯನಿಕ ತುಂಬಿದ ಮತಾಪಿನಂಥ ಫ್ಲೇರ್‌ಗಳನ್ನು ಉರಿಸುತ್ತಾರೆ.

ಇದು ಕೆಲಸ ಮಾಡುತ್ತದಾ? ಎಪ್ಪತ್ತು ವರ್ಷ ಈ ಪ್ರಶ್ನೆಗೆ ಗಟ್ಟಿ ಉತ್ತರ ಇರಲಿಲ್ಲ. ಕಾರಣ ಸರಳ. ಬಿತ್ತಿದ ಮೋಡ ಬಿತ್ತದೇ ಇದ್ದಿದ್ದರೆ ಎಷ್ಟು ಹಿಮ ಸುರಿಸುತ್ತಿತ್ತು ಅಂತ ಯಾರು ಹೇಳಬೇಕು? 2017ರ ಜನವರಿಯಲ್ಲಿ ಐಡಾಹೊ ರಾಜ್ಯದ ಪೇಯೆಟ್ ನದಿಯ ಬೆಟ್ಟಗಳಲ್ಲಿ ‘ಸ್ನೋವೀ’ ಎಂಬ ಪ್ರಯೋಗ ನಡೆಯಿತು. ವಿಮಾನ ಗಾಳಿಗೆ ಅಡ್ಡಲಾಗಿ ಹೋಗಿ ಬಂದು, ಹೋಗಿ ಬಂದು ರಾಸಾಯನಿಕ ಬಿಟ್ಟಿತು. ಬೆಟ್ಟದ ನೆತ್ತಿಯ ಮೇಲೆ ರೇಡಾರ್‌ಗಳು ಕಾಯುತ್ತಿದ್ದವು. ಸ್ವಲ್ಪ ಹೊತ್ತಿಗೆ ರೇಡಾರ್ ಪರದೆಯ ಮೇಲೆ ಅಂಕುಡೊಂಕು ಗೆರೆಗಳು ಮೂಡಿದವು. ವಿಮಾನ ಹೋದ ದಾರಿಯದೇ ಅಚ್ಚು! ನಿಸರ್ಗದಲ್ಲಿ ಹಿಮ ಹಾಗೆ ಝಿಗ್‌ಝ್ಯಾಗ್ ಆಗಿ ಬೀಳುವುದಿಲ್ಲ. ಆ ಚಿತ್ರವನ್ನು ನಾನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಮನುಷ್ಯನ ಸಹಿ ಮೋಡದ ಮೇಲೆ ಅಷ್ಟು ಸ್ಪಷ್ಟವಾಗಿ ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಸರಿ, ಎಷ್ಟು ನೀರು ಬಿತ್ತು? ಜನವರಿ 19ರಂದು ಸುಮಾರು 67 ನಿಮಿಷ ಹಿಮ ಬಿತ್ತು. ಅದರ ನೀರು ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಮೂರು ದಿನದ ಮೂರು ಬಿತ್ತನೆ ಸೇರಿಸಿದರೆ ಸುಮಾರು 7 ಲಕ್ಷ ಘನ ಮೀಟರ್, ಅಂದರೆ 570 ಎಕರೆ-ಅಡಿಯ ಆಸುಪಾಸು. ಈ ಸಂಖ್ಯೆಯನ್ನು 40 ಲಕ್ಷದ ಪಕ್ಕ ಇಟ್ಟು ನೋಡಿ. ಚಳಿಗಾಲವಿಡೀ ಬಿತ್ತಿದರೆ ಜಾಸ್ತಿ ಆಗುತ್ತದೆ ನಿಜ. ಆದರೂ ಅಳತೆಯ ಗಾತ್ರ ಕಣ್ಣಿಗೆ ಕಟ್ಟುತ್ತದೆ ಅಲ್ವಾ?

ವಯೋಮಿಂಗ್ ರಾಜ್ಯದ ಅನುಭವ ಇನ್ನೂ ಪಾಠ ಹೇಳುತ್ತದೆ. 2005ರಿಂದ 2014ರವರೆಗೆ ಅಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಮೆಡಿಸಿನ್ ಬೋ, ಸಿಯೆರಾ ಮಾಡ್ರೆ ಎಂಬ ಅಕ್ಕಪಕ್ಕದ ಎರಡು ಬೆಟ್ಟಸಾಲುಗಳು. ಪ್ರತಿ ಸಲ ಚೀಟಿ ಎತ್ತಿದ ಹಾಗೆ ಒಂದನ್ನು ಆರಿಸಿ ಬಿತ್ತುವುದು, ಇನ್ನೊಂದನ್ನು ಹಾಗೇ ಬಿಡುವುದು. ಕೊನೆಗೆ ಮುಖ್ಯ ಅಂಕಿಅಂಶದಲ್ಲಿ ಸಿಕ್ಕ ಹೆಚ್ಚಳ ಸುಮಾರು 3 ಶೇಕಡಾ. ಅದೂ ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿ ಇರಲಿಲ್ಲ. ಕಂಪ್ಯೂಟರ್ ಮಾದರಿಗಳನ್ನೂ ಬೇರೆ ಅಳತೆಗಳನ್ನೂ ಸೇರಿಸಿ, ಬಿತ್ತಲು ತಕ್ಕ ಮೋಡಗಳಲ್ಲಿ 5ರಿಂದ 15 ಶೇಕಡಾ ಹೆಚ್ಚು ಹಿಮ ಬರುತ್ತದೆ ಎಂದು ತೀರ್ಮಾನಿಸಿದರು.

ಪತ್ರಿಕೆಯ ತಲೆಬರಹಕ್ಕೆ ಹೋಗುವುದು ಈ ‘15 ಶೇಕಡಾ’. ಅದರ ಹಿಂದಿನ ‘ತಕ್ಕ ಮೋಡಗಳಲ್ಲಿ’ ಎಂಬ ಮಾತು ದಾರಿಯಲ್ಲೇ ಬಿದ್ದುಹೋಗುತ್ತದೆ. ಚಳಿಗಾಲದ ಹಿಮದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅಂಥ ಮೋಡಗಳಿಂದ ಬರುತ್ತದೆ ಅಂದುಕೊಳ್ಳಿ. ಅದರಲ್ಲಿ 10 ಶೇಕಡಾ ಹೆಚ್ಚಾದರೆ ಒಟ್ಟು ಹಿಮ 3 ಶೇಕಡಾ ಹೆಚ್ಚಾಯಿತು. ಅದೂ ಬಿತ್ತಿದ ಜಾಗದಲ್ಲಿ ಮಾತ್ರ. ಅದರಲ್ಲೂ ಒಂದು ಪಾಲು ಮಣ್ಣು ಹೀರುತ್ತದೆ, ಒಂದು ಪಾಲು ಗಾಳಿಗೆ ಹೋಗುತ್ತದೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2024ರ ಡಿಸೆಂಬರ್‌ನಲ್ಲಿ ಹಲವು ಅಧ್ಯಯನಗಳನ್ನು ಜಾಲಾಡಿತು. ಹೆಚ್ಚಳ ಸೊನ್ನೆಯಿಂದ 20 ಶೇಕಡಾವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಿತು. ಒಂದು ತುದಿಯಲ್ಲಿ ಸೊನ್ನೆ ಇದೆ ಅನ್ನುವುದನ್ನು ಮರೆಯಬೇಡಿ.

ಇಷ್ಟಾದರೂ ಹಣ ಹರಿಯುತ್ತಿದೆ. 2023ರಲ್ಲಿ ಯೂಟಾ ಶಾಸನಸಭೆ ಮೋಡ ಬಿತ್ತನೆಗೆ ಒಮ್ಮೆಗೆ 1.2 ಕೋಟಿ ಡಾಲರ್, ಮೇಲೆ ವರ್ಷಕ್ಕೆ 50 ಲಕ್ಷ ಡಾಲರ್ ಎತ್ತಿಟ್ಟಿತು. ಅದೇ ವರ್ಷ ಅಣೆಕಟ್ಟು, ನೀರಿನ ಹಂಚಿಕೆ ನೋಡಿಕೊಳ್ಳುವ ಕೇಂದ್ರದ ಇಲಾಖೆ ಬ್ಯೂರೋ ಆಫ್ ರಿಕ್ಲಮೇಶನ್, ಲಾಸ್ ವೇಗಸ್‌ಗೆ ನೀರು ಕೊಡುವ ದಕ್ಷಿಣ ನೆವಾಡದ ನೀರು ಪ್ರಾಧಿಕಾರಕ್ಕೆ 24 ಲಕ್ಷ ಡಾಲರ್ ಕೊಟ್ಟಿತು. ಬಿತ್ತನೆ ಮಾತ್ರ ನಡೆಯುವುದು ಮೇಲಿನ ರಾಜ್ಯಗಳಲ್ಲಿ. ಲಾಸ್ ವೇಗಸ್‌ನವರು ದುಡ್ಡು ಕೊಟ್ಟು ವಯೋಮಿಂಗ್, ಕೊಲರಾಡೊ ಬೆಟ್ಟಗಳಲ್ಲಿ ಹಿಮ ಬೀಳಿಸುವ ಏರ್ಪಾಡು ಇದು. ನೀರಿನ ಬೇರೆ ದಾರಿಗಳಿಗೆ ಹೋಲಿಸಿದರೆ ಖರ್ಚು ಅಗ್ಗ. ‘ಸಿಕ್ಕಿದಷ್ಟು ಸಿಗಲಿ, ಕಳೆದುಕೊಳ್ಳುವುದೇನು?’ ಎಂದು ನೀರಿನ ಅಧಿಕಾರಿಗಳು ಕೇಳುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿ. ಕಳೆದುಕೊಳ್ಳುವುದು ಬೇರೆ ಖಾತೆಯಲ್ಲಿದೆ. ನಿಮ್ಮ ಪ್ರಶ್ನೆಯ ಎರಡನೇ ಭಾಗ ಅಲ್ಲಿಗೇ ಬರುತ್ತದೆ.

ವೈಲ್ಡರ್‌ನೆಸ್ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1964ರ ಸೆಪ್ಟೆಂಬರ್ 3ರಂದು. ಅದನ್ನು ಬರೆದವರು ಹೊವಾರ್ಡ್ ಝಾನಿಸರ್. ಎಂಟು ವರ್ಷ ತಿದ್ದಿ ತಿದ್ದಿ ಬರೆದರು, ಸಹಿ ಬೀಳುವ ನಾಲ್ಕು ತಿಂಗಳ ಮೊದಲು ತೀರಿಕೊಂಡರು. ಶುರುವಿನಲ್ಲಿ 91 ಲಕ್ಷ ಎಕರೆ ಇದ್ದದ್ದು ಈಗ 11 ಕೋಟಿ ಎಕರೆಗೂ ಮೇಲೆ ಆಗಿದೆ. ಕಾಯ್ದೆಯ ನಡುಮಧ್ಯ ಒಂದು ಪದ ಇದೆ: ‘ಅನ್‌ಟ್ರ್ಯಾಮಲ್ಡ್’. ಅಷ್ಟೇನೂ ಬಳಕೆಯಲ್ಲಿಲ್ಲದ ಪದ. ‘ಟ್ರ್ಯಾಮಲ್’ ಎಂದರೆ ಬಲೆ, ಅಥವಾ ಕುದುರೆಯ ಕಾಲಿಗೆ ಕಟ್ಟುವ ಹಗ್ಗ. ಅಂದರೆ ವೈಲ್ಡರ್‌ನೆಸ್ ಕಾಲು ಕಟ್ಟದೆ ಬಿಟ್ಟ ನೆಲ. ಝಾನಿಸರ್ ಬೇಕೆಂದೇ ಈ ಪದ ಹಿಡಿದರು. ಬೇರೆ ಪದ ಹಾಕಿ ಎಂದು ಸ್ನೇಹಿತರು ಹೇಳಿದರೂ ಬಿಡಲಿಲ್ಲ. ಆ ನೆಲ ಅಂದವಾಗಿರಬೇಕು, ಶುದ್ಧವಾಗಿರಬೇಕು ಎಂದು ಅವರು ಬರೆಯಲಿಲ್ಲ. ಮನುಷ್ಯ ಅದನ್ನು ತನಗೆ ಬೇಕಾದ ಕಡೆ ಎಳೆಯಬಾರದು ಎಂದು ಬರೆದರು.

ಕಾಯ್ದೆ ನೆಲದ ಮೇಲೆ ಎಷ್ಟು ಬಿಗಿ ಅಂದರೆ, ದಾರಿಗೆ ಅಡ್ಡ ಬಿದ್ದ ಮರ ಕೊಯ್ಯಲು ಅರಣ್ಯ ಸಿಬ್ಬಂದಿ ಸಾಮಾನ್ಯವಾಗಿ ಚೈನ್‌ಸಾ ಬಳಸುವಂತಿಲ್ಲ. ಇಬ್ಬರು ಎರಡೂ ತುದಿ ಹಿಡಿದು ಎಳೆಯುವ ಹಳೇ ಕಾಲದ ಗರಗಸ ತರುತ್ತಾರೆ. ಸಾಮಾನು ಹೇಸರಗತ್ತೆಯ ಮೇಲೆ ಬರುತ್ತದೆ. ಮೋಟಾರು ಗಾಡಿ ಇಲ್ಲ, ವಿಮಾನ ಇಳಿಯುವಂತಿಲ್ಲ, ಕಟ್ಟಡ ಯಂತ್ರ ನಿಲ್ಲಿಸುವಂತಿಲ್ಲ. ಹಾಗಾಗಿ ಮೋಡ ಬಿತ್ತುವ ಬರ್ನರನ್ನು ವೈಲ್ಡರ್‌ನೆಸ್ ಒಳಗೆ ನೆಡುವುದು ಸುಲಭದ ಮಾತಲ್ಲ. ಆ ಜಾಗವನ್ನು ವೈಲ್ಡರ್‌ನೆಸ್ ಆಗಿ ನೋಡಿಕೊಳ್ಳಲು ಅದು ಬೇಕೇ ಬೇಕು ಎಂದು ತೋರಿಸಬೇಕು. ನಗರಕ್ಕೆ ನೀರು ಬೇಕು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಬಾಗಿಲೂ ಇದೆ. ರಾಷ್ಟ್ರೀಯ ಅರಣ್ಯದ ವೈಲ್ಡರ್‌ನೆಸ್‌ನಲ್ಲಿ ಜಲಾಶಯ, ನೀರಿನ ಕಾಮಗಾರಿಗಳಿಗೆ ಅಧ್ಯಕ್ಷರು ಅನುಮತಿ ಕೊಡಬಹುದು ಎಂದು ಕಾಯ್ದೆಯಲ್ಲೇ ಬರೆದಿದೆ. ನೀರಿನ ರಾಜಕೀಯದ ಜೊತೆ ರಾಜಿ ಮಾಡಿಕೊಳ್ಳದೆ 1964ರಲ್ಲಿ ಈ ಕಾಯ್ದೆ ಪಾಸಾಗುತ್ತಿರಲಿಲ್ಲ.

ಆಕಾಶದ ಮಾತು ಬೇರೆ. ವಿಮಾನ ಇಳಿಯಬಾರದು ಅಂತ ಕಾಯ್ದೆ ಹೇಳುತ್ತದೆ, ಮೇಲೆ ಹಾರಬಾರದು ಅಂತ ಹೇಳುವುದಿಲ್ಲ. ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಕೇಂದ್ರದ ಇಲಾಖೆ ‘ಅರಣ್ಯ ಸೇವೆ’. ಅದರ ನಿಯಮದಲ್ಲಿ ವಿಮಾನದಿಂದ ಯಾವುದೇ ವಸ್ತು ವೈಲ್ಡರ್‌ನೆಸ್‌ಗೆ ಕೆಡವಬಾರದು ಎಂದಿದೆ. ಫ್ಲೇರ್‌ನಿಂದ ಬಂದ ಹೊಗೆ ‘ವಸ್ತು’ ಆಗುತ್ತದಾ? ಹೊಗೆ ಬಿಟ್ಟದ್ದು ಗಡಿಯ ಆಚೆ, ಹಿಮ ಬಿದ್ದದ್ದು ಗಡಿಯ ಒಳಗೆ ಆದರೆ? ವಕೀಲರು ಇದರ ಮೇಲೆ ಗಂಟೆಗಟ್ಟಲೆ ವಾದಿಸಬಹುದು. ನಡೆಯುವುದು ಮಾತ್ರ ಹೀಗೆ: ಯಂತ್ರವನ್ನು ಗಡಿಯ ಹೊರಗೆ, ಖಾಸಗಿ ಅಥವಾ ರಾಜ್ಯದ ಜಾಗದಲ್ಲಿ ನಿಲ್ಲಿಸುತ್ತಾರೆ, ಹೊಗೆಯನ್ನು ಗಾಳಿ ಒಳಗೆ ಹೊತ್ತೊಯ್ಯುತ್ತದೆ. ಯಂತ್ರ ತನ್ನ ಜಾಗದಲ್ಲಿ ಇಲ್ಲದಿದ್ದರೆ ಅರಣ್ಯ ಸೇವೆಯ ಹತ್ತಿರ ಅರ್ಜಿಯೇ ಬರುವುದಿಲ್ಲ. ಬೇಡ ಅನ್ನಲು ಅವರ ಕೈಯಲ್ಲಿ ಕಾಗದವೇ ಇರುವುದಿಲ್ಲ.

ಅರಣ್ಯ ಸೇವೆಯ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಸಾಲು ಬರೆದಿಟ್ಟಿದ್ದರು. ವರ್ಷ ವರ್ಷವೂ ವೈಲ್ಡರ್‌ನೆಸ್‌ನ ಹವೆಯನ್ನು ಮತ್ತೆ ಮತ್ತೆ ಬದಲಿಸುವ ದೀರ್ಘಕಾಲದ ಬಿತ್ತನೆಗೆ ಅನುಮತಿ ಕೊಡಬೇಡಿ, ಪರಿಣಾಮ ಕೆಲವೇ ದಿನಕ್ಕೆ ಅಳಿಸಿಹೋಗುವಂಥ ಅಲ್ಪಕಾಲದ ಕೆಲಸವಾದರೆ ನೋಡಬಹುದು ಎಂಬುದು ಅದರ ಸಾರ. ರಾಷ್ಟ್ರೀಯ ಉದ್ಯಾನ ಸೇವೆಯ 2006ರ ನೀತಿ ಇನ್ನೂ ನೇರ. ನಾವು ಹವಾಮಾನ ಬದಲಿಸುವ ಕೆಲಸ ಮಾಡುವುದಿಲ್ಲ, ಬೇರೆಯವರು ಮಾಡಿದ್ದು ಉದ್ಯಾನಕ್ಕೆ ತಟ್ಟದಂತೆ ತಡೆಯಲು ನೋಡುತ್ತೇವೆ ಅನ್ನುತ್ತದೆ. ಆದರೆ ಕೈಪಿಡಿ ಕಾನೂನಲ್ಲ. ಕಾನೂನು ತಿದ್ದಲು ಸಂಸತ್ತು ಬೇಕು, ಕೈಪಿಡಿಯ ಸಾಲು ತಿದ್ದಲು ಇಲಾಖೆಯೇ ಸಾಕು. ನನ್ನ ಚಿಂತೆ ಇರುವುದು ಇಲ್ಲೇ.

ಒಂದು ಜಾಗ ಹತ್ತಿರದಿಂದ ತೋರಿಸುತ್ತೇನೆ. ವಯೋಮಿಂಗ್‌ನ ವಿಂಡ್ ರಿವರ್ ಬೆಟ್ಟಸಾಲು. ಕೊಲರಾಡೊದ ದೊಡ್ಡ ಉಪನದಿ ಗ್ರೀನ್ ರಿವರ್ ಹುಟ್ಟುವುದು ಇಲ್ಲೇ. ಪಶ್ಚಿಮ ಇಳಿಜಾರಿನಲ್ಲಿ ಬ್ರಿಜರ್ ವೈಲ್ಡರ್‌ನೆಸ್, ಪೂರ್ವದಲ್ಲಿ ಫಿಟ್ಜ್‌ಪ್ಯಾಟ್ರಿಕ್ ಮತ್ತು ಪೊಪೊ ಏಜಿಯಾ. ಅಲ್ಲಿನ ಅಪ್ಪರ್ ಫ್ರೀಮಾಂಟ್ ಹಿಮನದಿಯಲ್ಲಿ 1990ರ ದಶಕದಲ್ಲಿ ಭೂವಿಜ್ಞಾನಿಗಳು ಮಂಜಿನ ಕಂಬ ಕೊರೆದು ತೆಗೆದರು. ಆ ಮಂಜಿನ ಪದರಗಳಲ್ಲಿ ಪಾದರಸ ಅಳೆದಾಗ ಸುಮಾರು 270 ವರ್ಷದ ದಿನಚರಿ ಸಿಕ್ಕಿತು. 1815ರ ಟಾಂಬೊರಾ ಜ್ವಾಲಾಮುಖಿ ಒಂದು ಗೆರೆ. 1883ರ ಕ್ರಾಕಟೋವ ಇನ್ನೊಂದು. ಕ್ಯಾಲಿಫೋರ್ನಿಯದ ಚಿನ್ನದ ಬೇಟೆಯ ಕಾಲದ್ದು ಮತ್ತೊಂದು. 1980ರ ಮೌಂಟ್ ಸೇಂಟ್ ಹೆಲೆನ್ಸ್ ಕೂಡ ಅಲ್ಲಿದೆ. ಜಗತ್ತಿನ ಬೇರೆ ಕಡೆ ಏನಾಯಿತು ಅಂತ ಅಳೆಯಲು ಎಲ್ಲಿಯಾದರೂ ಒಂದು ಕಡೆ ನಾವು ಕೈ ಹಾಕದ ಜಾಗ ಇರಬೇಕು. ತಕ್ಕಡಿಯ ಮೇಲೆ ನಾವೇ ಬೆರಳಿಟ್ಟುಕೊಂಡರೆ ತೂಕ ತಿಳಿಯುವುದಿಲ್ಲ. ಬಿತ್ತಿದ ಹಿಮದಲ್ಲಿ ಬೆಳ್ಳಿಯ ಅಂಶ ಎಷ್ಟೇ ಕಡಿಮೆ ಇದ್ದರೂ ಉಪಕರಣಕ್ಕೆ ಸಿಗುತ್ತದೆ. ಅದನ್ನೇ ಗುರುತಾಗಿಟ್ಟುಕೊಂಡು ‘ನಮ್ಮ ಬಿತ್ತನೆ ಇಲ್ಲಿಗೆ ತಲುಪಿತು’ ಎಂದು ಹೇಳುತ್ತಾರೆ.

ಬೆಳ್ಳಿಯ ವಿಷ ಎಷ್ಟು ಅಂತ ಕೇಳಿದ್ದೀರಿ. ಸಿಲ್ವರ್ ಅಯೋಡೈಡ್ ನೀರಿನಲ್ಲಿ ಬಹುತೇಕ ಕರಗುವುದಿಲ್ಲ. ಮೀನು, ಪಾಚಿಗೆ ಅಪಾಯ ಮಾಡುವುದು ನೀರಿನಲ್ಲಿ ಬಿಡಿಯಾಗಿರುವ ಬೆಳ್ಳಿ ಅಯಾನು. ಬಿತ್ತಿದ ಹಿಮದಲ್ಲಿ ಸಿಗುವ ಬೆಳ್ಳಿಯನ್ನು ಲಕ್ಷ ಕೋಟಿಯಲ್ಲಿ ಒಂದಿಷ್ಟು ಭಾಗ ಎಂದು ಎಣಿಸಬೇಕು. ಕುಡಿಯುವ ನೀರಿಗೆ ಅಮೆರಿಕ ಇಟ್ಟಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಅದಕ್ಕಿಂತ ಇದು ಸಾವಿರಾರು ಪಟ್ಟು ಕಡಿಮೆ. ಹಾಗಾಗಿ ವಿಷದ ವಾದ ಹಿಡಿದು ಮೋಡ ಬಿತ್ತನೆಯನ್ನು ವಿರೋಧಿಸಬೇಡಿ, ಅದು ನಿಲ್ಲುವುದಿಲ್ಲ. ವಿಮಾನಗಳು ಗುಟ್ಟಾಗಿ ವಿಷ ಸುರಿಯುತ್ತಿವೆ ಎಂಬ ಪುಕಾರಿಗೂ ಇದಕ್ಕೂ ಸಂಬಂಧ ಇಲ್ಲ. ಒಂದೇ ಜಾಗದಲ್ಲಿ ಐವತ್ತು ವರ್ಷ ಬಿತ್ತಿದರೆ ಮಣ್ಣಿನಲ್ಲಿ ಎಷ್ಟು ಕೂಡುತ್ತದೆ ಎಂದು ಅಳೆಯುತ್ತಿರಬೇಕು. ಅಷ್ಟು ಎಚ್ಚರ ಸಾಕು.

ಹಿಮವೇ ಜಾಸ್ತಿ ಆದರೆ? ಬೆಟ್ಟದ ತುದಿಯ ಗಿಡಗಳಿಗೆ ಬೇಸಿಗೆ ಎಂದರೆ ಕೆಲವೇ ವಾರ. ಹಿಮ ತಡವಾಗಿ ಕರಗಿದರೆ ಹೂವು ತಡವಾಗುತ್ತದೆ, ಅದನ್ನು ನಂಬಿದ ಹುಳ, ಇಲಿ, ಹಕ್ಕಿಗಳ ದಿನಚರಿಯೂ ಸರಿಯುತ್ತದೆ. 1970ರಿಂದ 75ರವರೆಗೆ ಕೊಲರಾಡೊ ರಾಜ್ಯದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಕೇಂದ್ರ ಸರ್ಕಾರವೇ ಬಿತ್ತನೆಯ ದೊಡ್ಡ ಪ್ರಯೋಗ ಮಾಡಿದಾಗ ಜೊತೆಗೇ ಪರಿಸರದ ಅಧ್ಯಯನವನ್ನೂ ಇಟ್ಟುಕೊಂಡಿತ್ತು. ಎಲ್ಕ್ ಜಿಂಕೆಗಳು, ಗಿಡಗಳು, ಹಿಮಕುಸಿತದ ಅಪಾಯ, ಬೆಳ್ಳಿ ಎಲ್ಲವನ್ನೂ ನೋಡಿದರು. ಈಗ ಬಿತ್ತನೆಯ ಬಜೆಟ್‌ಗಳಲ್ಲಿ ಅಂಥ ಅಧ್ಯಯನಕ್ಕೆ ಜಾಗ ಕಡಿಮೆ. ವರ್ಷದಿಂದ ವರ್ಷಕ್ಕೆ ಹಿಮ ತಾನಾಗಿಯೇ ಎಷ್ಟೋ ಏರುಪೇರಾಗುತ್ತದೆ, 3 ಶೇಕಡಾ ಅದರಲ್ಲಿ ಮುಚ್ಚಿಹೋಗುತ್ತದೆ ಎಂದು ಬಿತ್ತುವವರು ಹೇಳುತ್ತಾರೆ. ಸರಿ. ಆದರೆ ಕಾಡಿಗೆ ಗೊತ್ತಾಗದಷ್ಟು ಚಿಕ್ಕದು ಎನ್ನುವ ಬಾಯಲ್ಲೇ ನದಿಯನ್ನು ಉಳಿಸುವಷ್ಟು ದೊಡ್ಡದು ಎನ್ನಲಾಗುವುದಿಲ್ಲ.

ಹಾಗಾದರೆ ಕೆಳಗಿನ 4 ಕೋಟಿ ಜನಕ್ಕೆ ಏನು ಹೇಳುತ್ತೀರಿ ಎಂದು ನೀವು ಕೇಳಬೇಕು. ನ್ಯಾಯವಾದ ಪ್ರಶ್ನೆ. ಅದಕ್ಕೇ ಧೂಳಿನ ಕಥೆ ಹೇಳಬೇಕು.

ಸ್ಯಾನ್ ವಾನ್ ಬೆಟ್ಟಗಳಲ್ಲಿ ವಸಂತಕಾಲದಲ್ಲಿ ಹಿಮದ ಮೇಲೆ ಕೆಂಪು ಕಂದು ಬಣ್ಣದ ಪದರ ಕೂರುತ್ತದೆ. ಅಗೆದು ನೋಡಿದರೆ ಬಿಳಿ ಹಿಮ, ಕಂದು ಗೆರೆ, ಮತ್ತೆ ಬಿಳಿ, ಮತ್ತೆ ಕಂದು. ಅದು ನೈಋತ್ಯದ ಮರುಭೂಮಿಯಿಂದ ಗಾಳಿ ತಂದ ಧೂಳು. ಮರುಭೂಮಿಯ ಮಣ್ಣಿಗೆ ಮೇಲೆ ಒಂದು ಜೀವಂತ ಹೆಪ್ಪು ಇರುತ್ತದೆ, ಪಾಚಿ ಮತ್ತು ಸೂಕ್ಷ್ಮಜೀವಿಗಳು ಕಟ್ಟಿದ್ದು. 19ನೇ ಶತಮಾನದ ನಡುವಿನಿಂದ ದನಗಳ ಗೊರಸು, ಆಮೇಲೆ ಗಾಡಿಗಳ ಚಕ್ರ ಆ ಹೆಪ್ಪನ್ನು ಒಡೆದವು. ಧೂಳು ಏಳತೊಡಗಿತು. ಕಪ್ಪಾದ ಹಿಮ ಬಿಸಿಲನ್ನು ಹೆಚ್ಚು ಹೀರುತ್ತದೆ, ಬೇಗ ಕರಗುತ್ತದೆ. ಬೇಗ ಬಯಲಾದ ನೆಲದಿಂದ ಗಿಡಗಳೂ ಮಣ್ಣೂ ಹೆಚ್ಚು ದಿನ ನೀರು ಆವಿಯಾಗಿಸುತ್ತವೆ. 2010ರಲ್ಲಿ ಹಿಮ ವಿಜ್ಞಾನಿ ಥಾಮಸ್ ಪೇಂಟರ್ ಮತ್ತು ಜೊತೆಗಾರರು ಲೆಕ್ಕ ಹಾಕಿ ತೋರಿಸಿದರು: ಧೂಳಿನಿಂದ ಕೊಲರಾಡೊ ನದಿಯ ಉಬ್ಬರ ಸುಮಾರು ಮೂರು ವಾರ ಮುಂಚೆ ಬರುತ್ತಿದೆ, ವರ್ಷದ ಹರಿವು ಸುಮಾರು 5 ಶೇಕಡಾ ಕಡಿಮೆಯಾಗಿದೆ. ಅದು 100 ಕೋಟಿ ಘನ ಮೀಟರಿಗೂ ಮೇಲೆ, ಅಂದರೆ 8 ಲಕ್ಷ ಎಕರೆ-ಅಡಿಯ ಮಾತು.

ಈ ಸಂಖ್ಯೆ ಮೊದಲು ನೋಡಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಅದೇ ಬೆಟ್ಟ, ಅದೇ ಹಿಮ. ಒಂದು ಕಡೆ ಬೆಳ್ಳಿ ಬಿತ್ತಿ 3 ಶೇಕಡಾ ಸಿಗಬಹುದೇನೋ ಎಂದು ಕಾಯುತ್ತೇವೆ. ಇನ್ನೊಂದು ಕಡೆ ಧೂಳು ಎಬ್ಬಿಸಿ 5 ಶೇಕಡಾ ಕಳೆದುಕೊಂಡಿದ್ದೇವೆ. ವೈಲ್ಡರ್‌ನೆಸ್‌ನ ಕಾಲಿಗೆ ನಾವು ಆಗಲೇ ಒಂದು ಹಗ್ಗ ಕಟ್ಟಿದ್ದೇವೆ, ಬೇಕು ಅಂತ ಕಟ್ಟದಿದ್ದರೂ. ಅದನ್ನು ಬಿಚ್ಚುವ ಬದಲು ಎರಡನೇ ಹಗ್ಗ ಕಟ್ಟಲು ದುಡ್ಡು ಎತ್ತಿಡುತ್ತಿದ್ದೇವೆ. ಮರುಭೂಮಿಯಲ್ಲಿ ದನ ಮೇಯಿಸುವುದನ್ನು ಕಡಿಮೆ ಮಾಡುವುದು, ಗಾಡಿಗಳನ್ನು ದಾರಿ ಬಿಟ್ಟು ಹೋಗದಂತೆ ತಡೆಯುವುದು, ಒಡೆದ ಹೆಪ್ಪು ಮತ್ತೆ ಕಟ್ಟಲು ವರ್ಷಗಟ್ಟಲೆ ಕಾಯುವುದು ನಿಧಾನದ ಕೆಲಸ. ಬರ್ನರಿನ ಹಾಗೆ ಗುಂಡಿ ಒತ್ತಿದರೆ ಉರಿಯುವುದಿಲ್ಲ. ಆದರೆ ಅದು ವೈಲ್ಡರ್‌ನೆಸ್‌ಗೂ ಒಳ್ಳೆಯದು, ನದಿಗೂ ಒಳ್ಳೆಯದು.

ಅದಕ್ಕಿಂತ ದೊಡ್ಡ ಪಾಲು ಬಿಸಿಲಿನದ್ದು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಲರಾಡೊದ ಹರಿವು ಸುಮಾರು 9 ಶೇಕಡಾ ಕಡಿಮೆಯಾಗುತ್ತದೆ ಎಂದು 2020ರ ಒಂದು ಅಧ್ಯಯನ ತೋರಿಸಿತು. ಬಳಕೆಯ ಕಡೆ ನೋಡಿದರೆ, ನದಿಯ ನೀರು ಹೆಚ್ಚು ಹೋಗುವುದು ಹೊಲಗಳಿಗೆ. ಅದರಲ್ಲೂ ದನದ ಮೇವಿನ ಆಲ್ಫಾಲ್ಫಾ ಹುಲ್ಲಿಗೆ. 2022ರ ಜೂನ್‌ನಲ್ಲಿ ಬ್ಯೂರೋ ಆಫ್ ರಿಕ್ಲಮೇಶನ್ ಮುಖ್ಯಸ್ಥೆ ಕಮಿಲ್ ಟೌಟನ್ ರಾಜ್ಯಗಳಿಗೆ ಹೇಳಿದ್ದು 20ರಿಂದ 40 ಲಕ್ಷ ಎಕರೆ-ಅಡಿ ಬಳಕೆ ಇಳಿಸಿ ಅಂತ. ಅಷ್ಟನ್ನು ಯಾವ ಮೋಡವೂ ಕೊಡುವುದಿಲ್ಲ. 2007ರ ಹಂಚಿಕೆ ನಿಯಮಗಳ ಅವಧಿ 2026ಕ್ಕೆ ಮುಗಿಯುತ್ತದೆ. ಹೊಸ ನಿಯಮಗಳ ಮಾತುಕತೆಯ ಮೇಜಿನ ಮೇಲೆ ‘ಇನ್ನಷ್ಟು ಹಿಮ ಬೀಳಿಸೋಣ’ ಎಂಬ ಮಾತು ಹಿತವಾಗಿ ಕೇಳುತ್ತದೆ, ಯಾಕಂದರೆ ಅದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ನನ್ನನ್ನು ಕೇಳಿದರೆ ನೀತಿ ಹೀಗಿರಬೇಕು. ವೈಲ್ಡರ್‌ನೆಸ್ ಅಲ್ಲದ ಬೆಟ್ಟಗಳಲ್ಲಿ ಬಿತ್ತಲಿ, ಅಡ್ಡಿಯಿಲ್ಲ. ಆದರೆ ಯಾವ ಮೋಡಕ್ಕೆ ಬಿತ್ತಿದೆವು, ಯಾವುದನ್ನು ಬಿಟ್ಟೆವು ಅಂತ ಲೆಕ್ಕ ಇಡಲಿ, ಹೊರಗಿನವರು ಅಳೆಯಲಿ. ಹಿಮಕುಸಿತದ ಅಪಾಯ, ಪ್ರವಾಹದ ಅಪಾಯ ಇದ್ದಾಗ ನಿಲ್ಲಿಸುವ ನಿಯಮ ಕಟ್ಟುನಿಟ್ಟಾಗಿರಲಿ. ದಕ್ಷಿಣ ಡಕೋಟದ ರ‍್ಯಾಪಿಡ್ ಸಿಟಿಯಲ್ಲಿ 1972ರ ಜೂನ್ 9ರಂದು ಬಂದ ಪ್ರವಾಹದಲ್ಲಿ 238 ಜನ ಸತ್ತರು. ಆ ದಿನವೇ ಹತ್ತಿರದಲ್ಲಿ ಬಿತ್ತನೆಯ ಪ್ರಯೋಗ ನಡೆದಿತ್ತು. ಬಿತ್ತನೆಯೇ ಕಾರಣ ಎಂದು ಸಾಬೀತಾಗಲಿಲ್ಲ, ಆದರೆ ಜನರ ಮನಸ್ಸಿನ ಅನುಮಾನ ಹೋಗಲಿಲ್ಲ. ವೈಲ್ಡರ್‌ನೆಸ್ ಮೇಲೆ ಗುರಿಯಿಟ್ಟ ಬಿತ್ತನೆ ಬೇಡ. ಯಂತ್ರ ಎಲ್ಲಿದೆ ಎನ್ನುವುದರ ಮೇಲಲ್ಲ, ಹಿಮ ಎಲ್ಲಿ ಬೀಳಲಿ ಎಂದು ಬಿತ್ತಿದರು ಎನ್ನುವುದರ ಮೇಲೆ ತೀರ್ಮಾನ ಆಗಬೇಕು. ಕೈಪಿಡಿಯ ಸಾಲನ್ನು ಕಾನೂನಿಗೆ ಏರಿಸಬೇಕು. ಹಿಮ ಅಳೆಯಲು ಒಳಗೆ ಯಂತ್ರ ನೆಡುವ ಅಗತ್ಯವೂ ಈಗ ಕಡಿಮೆ. ವಿಮಾನದಿಂದ ಲೇಸರ್ ಹಾಯಿಸಿ ಬೆಟ್ಟವಿಡೀ ಹಿಮದ ಆಳ ಅಳೆಯುವ ವಿಧಾನ 2013ರಿಂದ ಬಳಕೆಯಲ್ಲಿದೆ.

ಕೊನೆಗೆ, ಇದನ್ನೆಲ್ಲ ನೀವೇ ನೋಡಬೇಕು ಅನ್ನಿಸಿದರೆ ದಾರಿ ಇದೆ. 1971ರ ಒಂದು ಕಾನೂನಿನ ಪ್ರಕಾರ ಅಮೆರಿಕದಲ್ಲಿ ಯಾರೇ ಮೋಡ ಬಿತ್ತಿದರೂ ಕೇಂದ್ರದ ಹವಾಮಾನ ಸಂಸ್ಥೆಯಾದ ನೋವಾಗೆ ವರದಿ ಕೊಡಬೇಕು. ಅದರ ಜೊತೆ ಗುರಿ ಪ್ರದೇಶದ ನಕ್ಷೆಯನ್ನೂ ಲಗತ್ತಿಸಬೇಕು. ಆ ವರದಿಗಳು ಎಲ್ಲರಿಗೂ ತೆರೆದಿವೆ. ವೈಲ್ಡರ್‌ನೆಸ್ ಗಡಿಗಳ ನಕ್ಷೆಯೂ ತೆರೆದಿದೆ. ಎರಡನ್ನೂ ಒಂದೇ ಅಳತೆಗೆ ತಂದು ಒಂದರ ಮೇಲೊಂದು ಇಡಿ. ವಿಂಡ್ ರಿವರ್‌ನಿಂದ ಶುರು ಮಾಡಿ. ಬರ್ನರುಗಳ ಚುಕ್ಕಿಗಳು ಪಶ್ಚಿಮದ ತಪ್ಪಲಿನಲ್ಲಿ, ಗಡಿಯ ಹೊರಗೆ ಕಾಣುತ್ತವೆ. ಗಾಳಿ ಯಾವ ಕಡೆ ಬೀಸುತ್ತದೆ ಅಂತ ಒಂದು ಬಾಣ ಎಳೆಯಿರಿ. ಅದು ನೇರ ಬ್ರಿಜರ್ ಒಳಗೆ ಹೋಗುತ್ತದೆ.